ಹಳೇ ಶೋಕದ ಉಂಗುರ, ಲಾಕೆಟ್, ಮುದ್ರೆ ಯಾರದು ಅಂತ ಹುಡುಕೋದು ಹೇಗೆ? ಹಂತ ಹಂತವಾಗಿ

ಇಂಗ್ಲೆಂಡಲ್ಲಿರೋ ನಮ್ಮವರು ಒಂದೇ ಪ್ರಶ್ನೆ ಪದೇ ಪದೇ ಕೇಳ್ತೀರ, ಹರಾಜಲ್ಲಿ ಒಂದು ಕಪ್ಪು ಉಂಗುರ ತಗೊಂಡೆ, ಒಳಗಡೆ ಯಾರದೋ ಹೆಸರು ಸತ್ತ ತಾರೀಖು ಇದೆ, ಇವರು ಯಾರು ಅಂತ ಕಂಡುಹಿಡಿಯೋಕಾಗತ್ತಾ ಅಂತ. ಬೆಂಗಳೂರು, ಕೆಜಿಎಫ್ ಕಡೆಯ ಆಂಗ್ಲೋ ಇಂಡಿಯನ್ ಮನೆತನದವರು ಅಜ್ಜಿ ಪೆಟ್ಟಿಗೆಯಲ್ಲಿ ಸಿಕ್ಕಿದ ಕೂದಲಿನ ಲಾಕೆಟ್ಟೋ ಸಿಂಹದ ತಲೆ ಕೆತ್ತಿರೋ ಮುದ್ರೆಯೋ ಹಿಡ್ಕೊಂಡು ಇದನ್ನೇ ಕೇಳ್ತೀರ. ಬಹಳ ಸಲ ಕಂಡುಹಿಡಿಯಬಹುದು. ಆದ್ರೆ ಅದಕ್ಕೊಂದು ಕ್ರಮ ಇದೆ. ಮೊದ್ಲು ವಸ್ತುವನ್ನ ಪೂರ್ತಿ ಓದ್ಬೇಕು, ಆಮೇಲೆ ದಾಖಲೆ ತೆಗೀಬೇಕು, ಮಾರಿದವರು ಹೇಳಿದ ಕಥೆಯನ್ನ ಎಲ್ಲದಕ್ಕಿಂತ ಕೊನೆಗೆ ಕೇಳ್ಬೇಕು. ಜನ ಇದನ್ನ ತಿರುಗಾ ಮುರುಗಾ ಮಾಡೋದ್ರಿಂದ್ಲೇ ತಪ್ಪು ಮನೆತನಕ್ಕೆ ಹೋಗಿ ಸಿಕ್ಕಾಕೊಳ್ಳೋದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸತ್ತವರ ನೆನಪಿಗೆ ಹಾಕ್ಕೊಳ್ತಿದ್ದ ಒಡವೆಗೆ ಮೌರ್ನಿಂಗ್ ಜ್ಯುವೆಲ್ರಿ ಅಂತಾರೆ, ಇಲ್ಲಿ ಶೋಕದ ಒಡವೆ ಅನ್ನೋಣ. ಸಾಯೋರೇ ವಿಲ್‌ನಲ್ಲಿ ದುಡ್ಡು ಇಟ್ಟು, ಇಂಥಿಂಥವರಿಗೆ ನನ್ನ ನೆನಪಿಗೆ ಉಂಗುರ ಮಾಡಿಸಿಕೊಡಿ ಅಂತ ಬರೀತಿದ್ರು. ಶೇಕ್ಸ್‌ಪಿಯರ್ 1616ರ ತನ್ನ ವಿಲ್‌ನಲ್ಲಿ ಜೊತೆಗಿದ್ದ ಮೂರು ಜನ ನಟರಿಗೆ ತಲಾ 26 ಶಿಲಿಂಗ್ 8 ಪೆನ್ಸ್ ಉಂಗುರಕ್ಕೆ ಅಂತಲೇ ಬಿಟ್ಟಿದ್ದಾನೆ. 1649ರಲ್ಲಿ ಒಂದನೇ ಚಾರ್ಲ್ಸ್ ರಾಜನ ತಲೆ ತೆಗೆದ ಮೇಲೆ ಅವನ ಕಡೆಯವರು ಸ್ಫಟಿಕದ ಕೆಳಗೆ ಅವನ ಚಿತ್ರ, ಕೂದಲು ಇಟ್ಟು ಕದ್ದುಮುಚ್ಚಿ ಹಾಕ್ಕೊಂಡ್ರು. 1861ರ ಡಿಸೆಂಬರ್ 14ಕ್ಕೆ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡ ಮೇಲಂತೂ ರಾಣಿ 1901ರಲ್ಲಿ ಸಾಯೋವರೆಗೂ ಕಪ್ಪು ಬಿಡ್ಲಿಲ್ಲ, ಹಾಗಾಗಿ ಊರಿಗೆ ಊರೇ ಕಪ್ಪು ಒಡವೆ ಕೊಳ್ತು. ಮುದ್ರೆ ಅಂದ್ರೆ ಕಾಗದ ಮಡಚಿ ಅರಗು ಕರಗಿಸಿ ಹಾಕಿ ಅದರ ಮೇಲೆ ಒತ್ತೋ ಸೀಲ್. ಆ ಅರಗಿನ ಮುಖ್ಯ ಸಾಮಾನು, ಅರಗಿನ ಹುಳದಿಂದ ಬರೋ ಲಾಕ್, ನಮ್ಮ ದೇಶದಿಂದ್ಲೇ ಹಡಗಲ್ಲಿ ಹೋಗ್ತಿತ್ತು. ಅಂಟು ಹಚ್ಚಿದ ಲಕೋಟೆ ಬಂದ ಮೇಲೆ ದಿನಬಳಕೆಯಲ್ಲಿ ಮುದ್ರೆ ಕಡಿಮೆ ಆಯ್ತು.

ಬೇಕಾಗೋದು ಜಾಸ್ತಿ ಏನಿಲ್ಲ. 10 ಪಟ್ಟು ದೊಡ್ಡದು ಮಾಡಿ ತೋರಿಸೋ ಲೂಪ್ (ಅಕ್ಕಸಾಲಿಗಳು ಕಣ್ಣಿಗೆ ಇಟ್ಕೊಳ್ಳೋ ಲೆನ್ಸು), ಮ್ಯಾಕ್ರೋ ಫೋಟೋ ತೆಗೆಯೋ ಮೊಬೈಲ್, ಒಂದು ಸಣ್ಣ ಟಾರ್ಚ್, ಮಿಲಿಮೀಟರ್ ಸ್ಕೇಲ್, ಮಕ್ಕಳು ಆಡೋ ಮೆತ್ತನೆ ಕ್ಲೇ, ಒಂದು ನೋಟ್‌ಬುಕ್. ಮತ್ತೆ ತಾಳ್ಮೆ, ಇದೊಂದು ನಿಜವಾಗ್ಲೂ ಬೇಕು.

1. ಮೊದ್ಲು ಮುಟ್ಟಬೇಡಿ, ಫೋಟೋ ತೆಗೀರಿ

ಕೈಗೆ ಬಂದ ತಕ್ಷಣ ತೊಳೆಯೋದು ಎಲ್ಲರೂ ಮಾಡೋ ಕೆಲಸ, ದಯವಿಟ್ಟು ಮಾಡ್ಬೇಡಿ. ಗಾಜಿನ ಕೆಳಗೆ ಕೂದಲಿದ್ರೆ ನೀರು ಒಳಗೆ ಇಳಿದು ಬೂಸ್ಟು ಹಿಡಿಯತ್ತೆ, ಮತ್ತೆ ಸರಿ ಮಾಡೋಕಾಗಲ್ಲ. ಹಳೇ ಕಲ್ಲುಗಳ ಹಿಂದೆ ಹೊಳಪಿಗೆ ಅಂತ ತೆಳು ಲೋಹದ ಹಾಳೆ ಇಟ್ಟಿರ್ತಾರೆ, ನೀರು ತಾಗಿದ್ರೆ ಅದು ಕಪ್ಪಾಗಿ ಕಲ್ಲೇ ಸತ್ತ ಹಾಗೆ ಕಾಣತ್ತೆ. ಅಂಗಡಿಯವರ ಅಲ್ಟ್ರಾಸಾನಿಕ್ ಮಷೀನಿಗೆ ಹಾಕಿಸಲೇಬೇಡಿ. ಉಂಗುರ ಬಿಗಿ ಇದೆ ಅಂತ ಸೈಜ್ ಮಾಡಿಸೋಕೆ ಹೋದ್ರೆ ಎನಾಮಲ್, ಅಂದ್ರೆ ಬಂಗಾರದ ಮೇಲೆ ಸುಟ್ಟು ಕೂರಿಸಿದ ಬಣ್ಣದ ಗಾಜು, ಬಿರುಕು ಬಿಟ್ಟು ಉದುರತ್ತೆ, ಜೊತೆಗೆ ಒಳಗಿನ ಬರಹದ ಒಂದೆರಡು ಅಕ್ಷರವೂ ಹೋಗ್ಬಹುದು. ಲಾಕೆಟ್ ಹಿಂದಿನ ಗಾಜನ್ನ ಚಾಕು ಹಾಕಿ ಎಬ್ಬಿಸೋದೂ ಬೇಡ.

ಎಲ್ಲಾ ಕಡೆಯಿಂದ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಡಿ. ಟಾರ್ಚ್ ನೇರ ಹಿಡಿಯದೆ ಓರೆಯಾಗಿ ಪಕ್ಕದಿಂದ ಹಿಡೀರಿ, ಸವೆದ ಅಕ್ಷರ ಆಗ ನೆರಳು ಬಿದ್ದು ಕಾಣತ್ತೆ. ಎಲ್ಲಿ ತಗೊಂಡ್ರಿ, ಯಾರು ಏನು ಹೇಳಿದ್ರು, ಎಷ್ಟು ಕೊಟ್ರಿ ಅಂತ ಅವತ್ತೇ ಬರೆದಿಡಿ, ಮಾರಿದವರ ಕಥೆ ನಂಬ್ಲಿಲ್ಲ ಅಂದ್ರೂ ಬರೆದಿಡಿ.

2. ಬರಹ ಓದೋದು

ಇಡೀ ಕೆಲಸದ ಜೀವ ಇಲ್ಲಿದೆ. ಸಾಮಾನ್ಯವಾಗಿ ಹೆಸರು, "ಒಬ್" ಅಥವಾ "ಒಬ್ಟ್", ಒಂದು ತಾರೀಖು, "ಏಟ್", ಒಂದು ಸಂಖ್ಯೆ ಇರತ್ತೆ. ಒಬ್ ಅಂದ್ರೆ ಲ್ಯಾಟಿನ್‌ನಲ್ಲಿ ತೀರಿಕೊಂಡರು ಅಂತ, ಏಟ್ ಅಂದ್ರೆ ವಯಸ್ಸು. "ರೆಲಿಕ್ಟ್" ಅಂತ ಇದ್ರೆ ವಿಧವೆ. ಹಳೇ ಕಾಲದ ಉದ್ದನೆ ಎಸ್ ಅಕ್ಷರ ನೋಡೋಕೆ ಎಫ್ ಥರಾನೇ ಇರತ್ತೆ, ಐ ಮತ್ತು ಜೆ ಒಂದೇ ರೂಪದಲ್ಲಿ ಕೆತ್ತಿರ್ತಾರೆ, ಹಾಗಾಗಿ ಐ.ಎಸ್. ಅಂತ ಕಂಡಿದ್ದು ಜೆ.ಎಸ್. ಆಗಿರಬಹುದು.

ಇಲ್ಲಿ ಮೂರು ಗುಂಡಿಗಳಿವೆ, ಹೆಚ್ಚಿನವರು ಒಂದರಲ್ಲಾದ್ರೂ ಬೀಳ್ತಾರೆ.

ಮೊದಲನೇದು, ಉಂಗುರದ ಮೇಲಿರೋ ಹೆಸರು ಸತ್ತವರದ್ದು, ಹಾಕ್ಕೊಂಡವರದ್ದಲ್ಲ. ಒಂದೇ ಸಾವಿಗೆ ಹತ್ತಾರು ಉಂಗುರ ಮಾಡಿಸಿ ನೆಂಟರು, ಸ್ನೇಹಿತರು, ವಕೀಲರು, ಪಾದ್ರಿ ಎಲ್ಲರಿಗೂ ಹಂಚ್ತಿದ್ರು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿದೆ ಅಂದ ಮಾತ್ರಕ್ಕೆ ಆ ಹೆಸರಿನವರು ನಿಮ್ಮ ಪೂರ್ವಜರು ಅಂತ ವಂಶವೃಕ್ಷಕ್ಕೆ ಸೇರಿಸಬೇಡಿ.

ಎರಡನೇದು, ತಾರೀಖು. 1752ಕ್ಕಿಂತ ಮುಂಚೆ ಇಂಗ್ಲೆಂಡಲ್ಲಿ ಹೊಸ ವರ್ಷ ಶುರುವಾಗ್ತಿದ್ದಿದ್ದು ಮಾರ್ಚ್ 25ಕ್ಕೆ. ಅಂದ್ರೆ ಉಂಗುರದಲ್ಲಿ 1732 ಫೆಬ್ರವರಿ 10 ಅಂತಿದ್ರೆ ನಮ್ಮ ಲೆಕ್ಕದಲ್ಲಿ ಅದು 1733 ಆಗಿರೋ ಸಾಧ್ಯತೆ ಜಾಸ್ತಿ. ಚರ್ಚ್ ರಿಜಿಸ್ಟರ್‌ನಲ್ಲಿ ಸಿಗ್ಲಿಲ್ಲ ಅಂತ ಕೈಬಿಡೋ ಮುಂಚೆ ಎರಡೂ ವರ್ಷ ನೋಡಿ. 1752ರಲ್ಲೇ ಸೆಪ್ಟೆಂಬರ್ 2 ಆದ ಮಾರನೇ ದಿನವನ್ನ 14 ಅಂತ ಮಾಡಿ 11 ದಿನ ಹಾರಿಸಿಬಿಟ್ರು, ಅದೂ ನೆನಪಿರಲಿ.

ಮೂರನೇದು, ವಯಸ್ಸು. ಏಟ್ 63 ಅಂದ್ರೆ ಕೆಲವು ಸಲ 63 ತುಂಬಿದೆ ಅಂತ, ಕೆಲವು ಸಲ 63ನೇ ವರ್ಷ ನಡೀತಿದೆ ಅಂತ, ಅಂದ್ರೆ 62. ಹಾಗಾಗಿ ಹುಟ್ಟಿದ ವರ್ಷ ಹುಡುಕುವಾಗ ಹಿಂದೆ ಮುಂದೆ ಎರಡು ವರ್ಷ ಸಡಿಲ ಬಿಟ್ಕೊಳ್ಳಿ.

ಬರೀ ಕೂದಲಿದ್ದು ಹೆಸರು ತಾರೀಖು ಏನೂ ಇಲ್ಲ ಅಂದ್ರೆ ಅದು ಶೋಕದ ಒಡವೆ ಅಂತ ಹೇಳೋಕೇ ಬರಲ್ಲ. ಬದುಕಿರೋ ಪ್ರೇಮಿಗಳು, ಅಮ್ಮ ಮಗಳು, ಊರು ಬಿಟ್ಟು ಹೋಗೋ ಅಣ್ಣ ತಮ್ಮಂದಿರು ಕೂಡ ಕೂದಲು ಕೊಟ್ಟು ಲಾಕೆಟ್ ಮಾಡಿಸ್ತಿದ್ರು. ಮಾರೋರು ಎಲ್ಲದಕ್ಕೂ ಶೋಕದ್ದು ಅಂತ ಚೀಟಿ ಅಂಟಿಸ್ತಾರೆ, ಬೆಲೆ ಜಾಸ್ತಿ ಬರತ್ತೆ ಅಂತ. ಕೂದಲಿನ ಡಿಎನ್‌ಎ ತೆಗೆಸ್ತೀನಿ ಅಂತ ಒಡವೆ ಬಿಚ್ಚೋದೂ ಬೇಡ, ಕತ್ತರಿಸಿದ ಕೂದಲಲ್ಲಿ ಬೇರು ಇರಲ್ಲ, ಸಿಗೋ ಮಾಹಿತಿ ಕಡಿಮೆ, ಆಗೋ ಹಾನಿ ಪೂರ್ತಿ.

3. ರೂಪ ನೋಡಿ ಕಾಲ ಅಂದಾಜು ಮಾಡೋದು

ತಲೆಬುರುಡೆ, ಮೂಳೆ, ಕಪ್ಪು ಎನಾಮಲ್ ಇದ್ರೆ ಸಾಮಾನ್ಯವಾಗಿ 17ನೇ ಶತಮಾನ, 18ನೇದರ ಶುರು. ಉಂಗುರದ ಸುತ್ತ ಸುರುಳಿ ಸುರುಳಿ ಪಟ್ಟಿ, ಅದರ ಮೇಲೆ ಎನಾಮಲ್‌ನಲ್ಲೇ ಹೆಸರು ಇದ್ರೆ 18ನೇ ಶತಮಾನದ ನಡುವಿನ ಕಾಲ. ಆಗ ಮದುವೆಯಾಗದವರಿಗೂ ಮಕ್ಕಳಿಗೂ ಬಿಳಿ ಎನಾಮಲ್ ಹಾಕೋ ರೂಢಿ ಇತ್ತು, ಬಿಳಿ ಉಂಗುರದೊಳಗೆ ಮಗುವಿನ ವಯಸ್ಸು ಓದಿದಾಗ ಎದೆ ಭಾರ ಆಗತ್ತೆ, ಏನೂ ಮಾಡೋಕಾಗಲ್ಲ. ದೋಣಿ ಆಕಾರದ ಉದ್ದ ಮುಖ, ಅದರಲ್ಲಿ ಕಂದು ಬಣ್ಣದಲ್ಲಿ ಸಮಾಧಿ ಪಾತ್ರೆ, ಬಾಗಿದ ವಿಲ್ಲೋ ಮರ, ಅಳ್ತಾ ನಿಂತ ಹೆಂಗಸಿನ ಚಿತ್ರ ಇದ್ರೆ 1770ರಿಂದ 1800ರ ಆಸುಪಾಸು. ಅಗಲ ಕಪ್ಪು ಪಟ್ಟಿಯ ಮೇಲೆ ದಪ್ಪ ಗೋಥಿಕ್ ಅಕ್ಷರದಲ್ಲಿ "ಇನ್ ಮೆಮೊರಿ ಆಫ್" ಅಂತಿದ್ರೆ 19ನೇ ಶತಮಾನ, ಆಗ ಹೆಸರು ಒಳಬದಿಯಲ್ಲಿ ಇರತ್ತೆ. ತನ್ನ ಬಾಲ ತಾನೇ ಕಚ್ಚಿದ ಹಾವು ಅಂದ್ರೆ ಕೊನೆಯಿಲ್ಲದ್ದು ಅಂತ, ಸಣ್ಣ ಮುತ್ತು ಅಂದ್ರೆ ಕಣ್ಣೀರು.

ಕಪ್ಪಗಿರೋದೆಲ್ಲ ವಿಟ್ಬಿ ಜೆಟ್ ಅಲ್ಲ. ಜೆಟ್ ಅಂದ್ರೆ ಯಾರ್ಕ್‌ಶೈರ್ ಕರಾವಳಿಯ ವಿಟ್ಬಿ ಊರಿನ ಹತ್ತಿರ ಸಿಗೋ, ಕೋಟ್ಯಂತರ ವರ್ಷ ಹಿಂದಿನ ಮರ ಹೂತು ಕಲ್ಲಾಗಿರೋದು. ಅದು ಕೈಯಲ್ಲಿ ಹಗುರ, ಬೆಚ್ಚಗೆ. ಫ್ರೆಂಚ್ ಜೆಟ್ ಅನ್ನೋದು ಬರೀ ಕಪ್ಪು ಗಾಜು, ಭಾರ, ಕೆನ್ನೆಗೆ ಹಿಡಿದ್ರೆ ತಣ್ಣಗೆ. ವಲ್ಕನೈಟ್ ಅಂದ್ರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್, ಬೆಳಕಿಗೆ ಕಂದು ತಿರುಗತ್ತೆ. ಐರ್ಲೆಂಡಿನ ಬಾಗ್ ಓಕ್ ಅಂದ್ರೆ ಜವುಗಲ್ಲಿ ಕಪ್ಪಾದ ಮರ, ಹೊಳಪಿಲ್ಲದೆ ನಾರು ನಾರು ಕಾಣತ್ತೆ. ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಆ ಗುರುತು ಹೋಗಲ್ಲ.

4. ಹಾಲ್‌ಮಾರ್ಕ್

ಹಾಲ್‌ಮಾರ್ಕ್ ಅಂದ್ರೆ ಬಂಗಾರ ಪರೀಕ್ಷೆ ಮಾಡೋ ಅಸ್ಸೇ ಆಫೀಸ್ ಒತ್ತಿದ ಗುರುತು. ಚಿರತೆ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಕೋಟೆ ಎಡಿನ್‌ಬರೊ. ಜೊತೆಗೆ ವರ್ಷ ಹೇಳೋ ಒಂದು ಅಕ್ಷರ, ಮಾಡಿದವರ ಇನಿಷಿಯಲ್. ಒಂದು ವಿಷಯ ನಮಗೆ ಅನುಕೂಲ: 1738ರ ಕಾಯ್ದೆಯಲ್ಲಿ ಬಹುತೇಕ ಸಣ್ಣ ಒಡವೆಗೆ ಹಾಲ್‌ಮಾರ್ಕ್ ಬೇಡ ಅಂತ ಬಿಟ್ರೂ ಶೋಕದ ಉಂಗುರಕ್ಕೆ ಆ ವಿನಾಯ್ತಿ ಕೊಡ್ಲಿಲ್ಲ. ಹಾಗಂತ ಎಲ್ಲದ್ರಲ್ಲೂ ಇರತ್ತೆ ಅಂತಲ್ಲ, ಸವೆದು ಹೋಗಿರತ್ತೆ, ಸೈಜ್ ಮಾಡುವಾಗ ಕತ್ತರಿಸಿರ್ತಾರೆ, ಕೆಲವರು ಒತ್ತಿಸ್ತಾನೇ ಇರ್ಲಿಲ್ಲ.

ರಾಜನದ್ದೋ ರಾಣಿಯದ್ದೋ ಪುಟ್ಟ ತಲೆ ಇದ್ರೆ ಅದು ತೆರಿಗೆ ಕಟ್ಟಿದ ಗುರುತು, 1784ರಿಂದ 1890ರ ಒಳಗಿನದು. 18 ಕ್ಯಾರೆಟ್ ಕಾನೂನುಬದ್ಧ ಆಗಿದ್ದು 1798ರಲ್ಲಿ. 9, 12, 15 ಕ್ಯಾರೆಟ್ 1854ರಲ್ಲಿ ಬಂದ್ವು, 12 ಮತ್ತು 15 ಮತ್ತೆ 1932ರಲ್ಲಿ ನಿಂತ್ವು. ಅಂದ್ರೆ 1790ರ ಸಾವಿನ ಉಂಗುರ ಅಂತ ಮಾರ್ತಿರೋದ್ರಲ್ಲಿ 9 ಕ್ಯಾರೆಟ್ ಗುರುತಿದ್ರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಹಾಲ್‌ಮಾರ್ಕ್ ವರ್ಷ ಸಾವಿಗಿಂತ ಸ್ವಲ್ಪ ಮುಂಚೆ ಇದ್ರೆ ತೊಂದರೆ ಇಲ್ಲ, ಅಂಗಡಿಯವರು ಉಂಗುರ ರೆಡಿ ಇಟ್ಕೊಂಡು ಹೆಸರು ಆಮೇಲೆ ಕೆತ್ತಿಕೊಡ್ತಿದ್ರು. ಸಾವಾದ 20 ವರ್ಷದ ಮೇಲಿನ ಗುರುತಿದ್ರೆ ಎಚ್ಚರ. ಇನ್ನೊಂದು, ಲಂಡನ್ ವರ್ಷದ ಅಕ್ಷರ ಮೇ ಕೊನೆಗೆ ಬದಲಾಗ್ತಿತ್ತು, ಹಾಗಾಗಿ ಒಂದು ಅಕ್ಷರ ಎರಡು ವರ್ಷಕ್ಕೆ ಹರಡ್ಕೊಳ್ಳತ್ತೆ.

ಕೆತ್ತನೆಯನ್ನ ಲೂಪ್‌ನಲ್ಲಿ ನೋಡಿ. ಉಂಗುರದ ಒಳಬದಿ ಪೂರ್ತಿ ನುಣ್ಣಗೆ ಸವೆದಿದ್ದು ಅಕ್ಷರದ ಅಂಚು ಮಾತ್ರ ಚೂಪಾಗಿ ಹೊಳೀತಿದ್ರೆ ಅದು ಇತ್ತೀಚೆಗೆ ಕೆತ್ತಿದ್ದು ಅಂತ ಅನುಮಾನ ಪಡಬೇಕು.

5. ಮುದ್ರೆ ಓದೋದು

ಮುದ್ರೆಯಲ್ಲಿ ಎಲ್ಲಾ ಉಲ್ಟಾ ಕೆತ್ತಿರತ್ತೆ, ಒತ್ತಿದಾಗ ಸರಿ ಬರ್ಲಿ ಅಂತ. ಮೊದ್ಲು ಫೋಟೋ ತೆಗೆದು ಮೊಬೈಲಲ್ಲೇ ಕನ್ನಡಿ ಥರ ತಿರುಗಿಸಿ ನೋಡಿ. ಆಮೇಲೆ ಬೇಕಿದ್ರೆ ಕ್ಲೇ ಮೇಲೆ ಚೂರು ಪೌಡರ್ ಉದುರಿಸಿ ಮೆಲ್ಲಗೆ ಒತ್ತಿ. ಬಿಸಿ ಅರಗು ಹಾಕ್ಬೇಡಿ, ಕಲ್ಲು ಅಂದ್ಕೊಂಡಿದ್ದು ಗಾಜಿರಬಹುದು, ಸೂಕ್ಷ್ಮ ಬಿರುಕು ಇದ್ರೆ ಸೀಳಿಬಿಡತ್ತೆ.

ಈಗ ಏನಿದೆ ನೋಡಿ. ಬರೀ ಇನಿಷಿಯಲ್, ಅಥವಾ ಹೂವು ಪಾರಿವಾಳದ ಜೊತೆ "ನನ್ನ ಮರೀಬೇಡ" ಅನ್ನೋ ಥರದ ಮಾತು ಇದ್ರೆ ಅದು ಅಂಗಡಿಯಲ್ಲಿ ರಾಶಿ ಸಿಗ್ತಿದ್ದ ಮಾಲು, ಅದೊಂದರಿಂದ್ಲೇ ಮನೆತನ ಸಿಗಲ್ಲ. ಗುರಾಣಿ ಇದ್ರೆ ಅದು ಕೋಟ್ ಆಫ್ ಆರ್ಮ್ಸ್, ಮನೆತನದ ಲಾಂಛನ. ತಿರುಚಿದ ಬಟ್ಟೆಯಂಥ ಪಟ್ಟಿಯ ಮೇಲೆ ಪ್ರಾಣಿಯೋ ಕೈಯೋ ಮಾತ್ರ ಇದ್ರೆ ಅದು ಕ್ರೆಸ್ಟ್, ಅಂದ್ರೆ ಶಿರಸ್ತ್ರಾಣದ ಮೇಲಿನ ಚಿಹ್ನೆ.

ಗುರಾಣಿ ಸಿಕ್ಕಿದ್ರೆ ನಿಮ್ಮ ಅದೃಷ್ಟ. ಕಲ್ಲಲ್ಲಿ ಬಣ್ಣ ತೋರಿಸೋಕಾಗಲ್ಲ ಅಂತ ಗೆರೆಗಳಲ್ಲಿ ತೋರಿಸ್ತಿದ್ರು, 17ನೇ ಶತಮಾನದಿಂದ ಒಂದೇ ಪದ್ಧತಿ ನಿಂತಿದೆ: ನಿಂತ ಗೆರೆ ಕೆಂಪು, ಮಲಗಿದ ಗೆರೆ ನೀಲಿ, ಚುಕ್ಕಿ ಬಂಗಾರ, ಖಾಲಿ ಬೆಳ್ಳಿ, ಅಡ್ಡ ನಿಂತ ಎರಡೂ ಸೇರಿದ್ರೆ ಕಪ್ಪು, ಒತ್ತಿದ ಗುರುತಲ್ಲಿ ಎಡ ಮೇಲಿಂದ ಬಲ ಕೆಳಕ್ಕೆ ಓರೆ ಇದ್ರೆ ಹಸಿರು. ಗುರಾಣಿ ಉದ್ದಕ್ಕೆ ಎರಡು ಪಾಲಾಗಿದ್ರೆ ನೋಡೋರ ಎಡಗಡೆ ಗಂಡನ ಮನೆಯದು, ಬಲಗಡೆ ಹೆಂಡತಿ ತವರಿನದು. ಮುದ್ರೆಯನ್ನೇ ನೋಡಿ ಓದಿದ್ರೆ ಗಂಡ ಹೆಂಡತಿ ಅದಲು ಬದಲು ಆಗಿಹೋಗತ್ತೆ, ಇದು ಬಹಳ ಜನ ಮಾಡೋದು, ಒತ್ತಿದ ಗುರುತನ್ನೇ ಓದಿ. ಎರಡು ಮನೆತನ ಸಿಕ್ತು ಅಂದ್ರೆ ಒಂದು ಮದುವೆ ಸಿಕ್ಕ ಹಾಗೆ, ಹುಡುಕಾಟ ಎಷ್ಟೋ ಚಿಕ್ಕದಾಗತ್ತೆ. ಗುರಾಣಿ ಬದಲು ವಜ್ರಾಕಾರದ ಚೌಕ ಇದ್ರೆ ಅದು ಮದುವೆಯಾಗದ ಹೆಣ್ಣಿನದೋ ವಿಧವೆಯದೋ. ಮೇಲೆ ಪುಟ್ಟ ಅರ್ಧಚಂದ್ರ ಇದ್ರೆ ಎರಡನೇ ಮಗ, ನಕ್ಷತ್ರ ಇದ್ರೆ ಮೂರನೇ ಮಗ, ಆದ್ರೆ ಈ ನಿಯಮ ಎಲ್ಲರೂ ಪಾಲಿಸ್ತಿರ್ಲಿಲ್ಲ.

ಹುಡುಕೋಕೆ ಹಳೇ ಪುಸ್ತಕ ಮೂರು ಸಾಕು, ಮೂರೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಗುರಾಣಿ ಚಿತ್ರದಿಂದ ಮನೆತನ ಹುಡುಕೋಕೆ ಪ್ಯಾಪ್‌ವರ್ತ್, ಹೆಸರು ಗೊತ್ತಿದ್ರೆ ಬರ್ಕ್ ಅವರ ಜನರಲ್ ಆರ್ಮರಿ, ಕ್ರೆಸ್ಟ್‌ಗೆ ಫೇರ್‌ಬೇರ್ನ್. ಇವುಗಳಲ್ಲಿ ಬಣ್ಣದ ಹೆಸರೆಲ್ಲ ಹಳೇ ಫ್ರೆಂಚ್: ಗ್ಯೂಲ್ಸ್ ಕೆಂಪು, ಅಝರ್ ನೀಲಿ, ಓರ್ ಬಂಗಾರ, ಆರ್ಜೆಂಟ್ ಬೆಳ್ಳಿ, ಸೇಬಲ್ ಕಪ್ಪು, ವರ್ಟ್ ಹಸಿರು.

ಬರೀ ಕ್ರೆಸ್ಟ್ ಸಿಕ್ಕಿದ್ರೆ ಅವಸರ ಬೇಡ. ಅರ್ಧ ಸಿಂಹ, ಕತ್ತಿ ಹಿಡಿದ ಕೈ ಇಂಥವು ಹತ್ತಾರು ಮನೆತನಕ್ಕೆ ಇವೆ, ಮೋಟೋ ಅಂದ್ರೆ ಧ್ಯೇಯವಾಕ್ಯವೂ ಹೊಂದಿದ್ರೆ ಮಾತ್ರ ಮುಂದೆ ಹೋಗಿ. ಸರ್‌ನೇಮ್ ಕೊಟ್ರೆ ನಿಮ್ಮ ಮನೆತನದ ಲಾಂಛನ ಅಂತ ಫ್ರೇಮ್ ಹಾಕಿ ಮಾರೋ ಅಂಗಡಿಗಳನ್ನ ನಂಬಲೇಬೇಡಿ, ಇಂಗ್ಲೆಂಡಲ್ಲಿ ಲಾಂಛನ ಒಬ್ಬ ವ್ಯಕ್ತಿಗೂ ಅವನ ವಂಶಕ್ಕೂ ಕೊಟ್ಟಿದ್ದು, ಅದೇ ಸರ್‌ನೇಮ್ ಇರೋರಿಗೆಲ್ಲ ಅಲ್ಲ. ಖಚಿತ ಉತ್ತರ ಬೇಕಂದ್ರೆ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ದುಡ್ಡು ತಗೊಂಡು ಹುಡುಕಿಕೊಡತ್ತೆ.

6. ದಾಖಲೆ ತೆಗೆಯೋದು

ಮೊದ್ಲು ಸಾವು. ಇಂಗ್ಲೆಂಡ್ ವೇಲ್ಸ್‌ನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾಗಿದ್ದು 1837 ಜುಲೈ 1ಕ್ಕೆ, ಸ್ಕಾಟ್ಲೆಂಡಲ್ಲಿ 1855ಕ್ಕೆ. ಜನರಲ್ ರಿಜಿಸ್ಟರ್ ಆಫೀಸಿನ ಇಂಡೆಕ್ಸ್‌ನಲ್ಲಿ ಸತ್ತಾಗಿನ ವಯಸ್ಸೂ ಇರೋದ್ರಿಂದ ಉಂಗುರದ ಏಟ್ ಜೊತೆ ಹೋಲಿಸಬಹುದು. 1837ಕ್ಕಿಂತ ಮುಂಚೆ ಅಂದ್ರೆ ಚರ್ಚಿನ ರಿಜಿಸ್ಟರ್, ಅದರಲ್ಲಿ ಬರೆಯೋದು ಹೂತ ದಿನ, ಸತ್ತ ದಿನ ಅಲ್ಲ, ಹಾಗಾಗಿ ಉಂಗುರದ ತಾರೀಖಿಗಿಂತ ಕೆಲವು ದಿನ ಆಮೇಲೆ ಹುಡುಕಿ. 1731ರಿಂದ ಬರ್ತಿದ್ದ ಜಂಟಲ್‌ಮನ್ಸ್ ಮ್ಯಾಗಜೀನ್‌ನ ಸಾವಿನ ಸುದ್ದಿ ಕಾಲಂ ಕೂಡ ನೋಡಿ, ಉಂಗುರ ಮಾಡಿಸೋ ಅನುಕೂಲ ಇದ್ದವರು ಅಲ್ಲಿ ಸಿಗೋ ಅವಕಾಶ ಚೆನ್ನಾಗಿದೆ.

ಆಮೇಲೆ ವಿಲ್. ನನ್ನ ಪ್ರಕಾರ ಶೋಕದ ಉಂಗುರಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಇಲ್ಲ, ಯಾಕಂದ್ರೆ ಉಂಗುರ ಯಾರ್ಯಾರಿಗೆ ಹೋಯ್ತು ಅನ್ನೋದು ಅಲ್ಲೇ ಹೆಸರು ಸಮೇತ ಇರತ್ತೆ, ನಿಮ್ಮ ಕೈಲಿರೋದು ಯಾವ ದಾರೀಲಿ ಬಂತು ಅನ್ನೋದಕ್ಕೆ ಕೊಂಡಿ ಅದೇ. 1858 ಜನವರಿಗಿಂತ ಮುಂಚಿನ ವಿಲ್ ಚರ್ಚ್ ಕೋರ್ಟುಗಳಲ್ಲಿ, ಅದರಲ್ಲಿ ದೊಡ್ಡದು ಪ್ರಿರಾಗೆಟಿವ್ ಕೋರ್ಟ್ ಆಫ್ ಕ್ಯಾಂಟರ್ಬರಿ. ಆ ಕೋರ್ಟಿನ ವಿಲ್‌ಗಳು ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪ್ರೊಬ್ 11 ಅನ್ನೋ ಸಾಲಲ್ಲಿವೆ, ಆನ್‌ಲೈನ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ಆದ್ರೆ ಪ್ರೊಬ್ 11 ಗುಮಾಸ್ತರು ಮಾಡಿದ ನಕಲು. ಮುದ್ರೆ ಹೋಲಿಸೋರಿಗೆ ಬೇಕಾಗೋದು ಪ್ರೊಬ್ 10, ಅದು ಮೂಲ ವಿಲ್, ಅರಗಿನ ಮುದ್ರೆ ಅಲ್ಲಿ ಉಳಿದಿರಬಹುದು. ಅದು ಹೊಂದಿಕೊಂಡ್ರೂ ಒಂದು ಎಚ್ಚರ, ಸ್ವಂತ ಮುದ್ರೆ ಇಲ್ಲದವರು ವಕೀಲರದ್ದೋ ಸಾಕ್ಷಿಯದ್ದೋ ಮುದ್ರೆ ಒತ್ತುತಿದ್ರು. 1796ರಿಂದ 1903ರವರೆಗಿನ ಸಾವಿನ ತೆರಿಗೆ ರಿಜಿಸ್ಟರ್ ಐಆರ್ 26 ಅಂತ ಇದೆ, ಅದರಲ್ಲಿ ಯಾರಿಗೆ ಏನು ಹೋಯ್ತು, ಅವರು ಸತ್ತವರಿಗೆ ಏನಾಗ್ಬೇಕು ಅನ್ನೋದೂ ಸಿಗತ್ತೆ. 1858 ಆದ ಮೇಲಿನ ವಿಲ್‌ಗಳಿಗೆ ಪ್ರೊಬೇಟ್ ಕ್ಯಾಲೆಂಡರ್ ನೋಡಿ, ಅಂದ್ರೆ ಕೋರ್ಟ್ ಒಪ್ಪಿದ ವಿಲ್‌ಗಳ ವರ್ಷವಾರು ಪಟ್ಟಿ.

ಜನಗಣತಿ 1841ರಿಂದ ಹೆಸರು ಸಮೇತ ಸಿಗತ್ತೆ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನ ಐದರ ಲೆಕ್ಕಕ್ಕೆ ಇಳಿಸಿ ಬರೆದಿರ್ತಾರೆ, 63 ಇದ್ದವರು 60 ಅಂತ ಕಾಣ್ತಾರೆ, ಗಾಬರಿ ಬೇಡ.

7. ಇಂಡಿಯಾದಲ್ಲಿ ಸತ್ತವರಾದ್ರೆ

ಉಂಗುರದಲ್ಲಿ ಮದ್ರಾಸ್, ಬ್ಯಾಂಗಲೋರ್, ಸೆರಿಂಗಪಟಂ ಅಂತ ಕಂಡ್ರೆ ಇಂಗ್ಲೆಂಡಿನ ಚರ್ಚಲ್ಲಿ ಹುಡುಕಿ ಟೈಮ್ ಹಾಳು ಮಾಡ್ಕೋಬೇಡಿ. ಮೈಸೂರು ಸೀಮೆಯ ಯುರೋಪಿಯನ್ನರ ನಾಮಕರಣ, ಮದುವೆ, ಸಮಾಧಿ ದಾಖಲೆ ಮದ್ರಾಸ್ ಪ್ರೆಸಿಡೆನ್ಸಿ ಲೆಕ್ಕಕ್ಕೆ ಹೋಗ್ತಿತ್ತು, ಅದರ ನಕಲು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಸಾಲಲ್ಲಿದೆ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಡೇಟಾಬೇಸ್ ಉಚಿತ, ಅಲ್ಲಿಂದ ಶುರು ಮಾಡಿ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಸಮಾಧಿ ಕಲ್ಲುಗಳು ಈಗ್ಲೂ ಇವೆ, ಹತ್ತಿರದಲ್ಲಿರೋರು ಹೋಗಿ ಹೆಸರು, ವಯಸ್ಸು ಉಂಗುರದ ಜೊತೆ ಹೋಲಿಸಬಹುದು.

ಈಸ್ಟ್ ಇಂಡಿಯಾ ಕಂಪನಿ ಆಫೀಸರ್ ಸತ್ರೆ ಅವನ ಸಾಮಾನು ಅಲ್ಲೇ ಹರಾಜಾಗ್ತಿತ್ತು, ಜೊತೆಯವರೇ ಕೊಳ್ತಿದ್ರು, ಹಾಗಾಗಿ ಒಬ್ಬನ ಮುದ್ರೆ ಇನ್ನೊಬ್ಬನ ಮನೆಯಲ್ಲಿ ಉಳಿದಿರೋದು ಮಾಮೂಲು. ಅಂಥ ಹರಾಜಿನ ಪಟ್ಟಿಗಳೂ ವಿಲ್‌ಗಳೂ ಅದೇ ಲೈಬ್ರರಿಯ ಎಲ್/ಎಜಿ/34 ಸಾಲಲ್ಲಿವೆ. ಮುದ್ರೆಯಲ್ಲಿ ಪರ್ಷಿಯನ್ ಅಕ್ಷರ ಇದ್ರೆ ಅದು ಇಂಡಿಯನ್ನರದ್ದೇ ಅಂದ್ಕೋಬೇಡಿ, ಕಂಪನಿ ಸಾಹೇಬರೂ ತಮ್ಮ ಹೆಸರು, ಬಿರುದನ್ನ ಪರ್ಷಿಯನ್‌ನಲ್ಲಿ ಕೆತ್ತಿಸ್ಕೊಳ್ತಿದ್ರು. ಅದರಲ್ಲಿರೋ ಹಿಜರಿ ವರ್ಷವನ್ನ 0.97ರಿಂದ ಗುಣಿಸಿ 622 ಕೂಡಿಸಿದ್ರೆ ಹತ್ತಿರದ ಇಸವಿ ಬರತ್ತೆ, 1213 ಅಂದ್ರೆ 1798-99.

8. ಹೌದು ಅಂತ ಹೇಳೋ ಮುಂಚೆ

ಹೆಸರು ಒಂದೇ ಹೊಂದಿದ್ರೆ ಸಾಲದು. ಹೆಸರು, ಸತ್ತ ದಿನ, ವಯಸ್ಸು ಮೂರೂ ಹೊಂದಬೇಕು, ಅಥವಾ ಎರಡು ಹೊಂದಿ ವಿಲ್‌ನಲ್ಲಿ ಉಂಗುರದ ಮಾತು ಬಂದಿರಬೇಕು. ಜಾನ್ ಸ್ಮಿತ್ ಥರ ಹೆಸರಾದ್ರೆ ಮೂರು ಹೊಂದಿದ್ರೂ ಊರು ಗೊತ್ತಾಗೋವರೆಗೆ "ಇರಬಹುದು" ಅಂತಲೇ ಬರೀರಿ. ಆನ್‌ಲೈನ್ ವಂಶವೃಕ್ಷಗಳನ್ನ ದಾರಿ ತಿಳಿಯೋಕೆ ಮಾತ್ರ ಬಳಸಿ, ಒಬ್ಬರ ತಪ್ಪನ್ನ ನೂರು ಜನ ನಕಲು ಮಾಡಿರ್ತಾರೆ.

9. ಕೊಳ್ಳೋ, ಸಾಗಿಸೋ ವಿಚಾರ

18ನೇ ಶತಮಾನದ ಆ ಕಂದು ಚಿತ್ರಗಳು ಹೆಚ್ಚಾಗಿ ಆನೆ ದಂತದ ಹಾಳೆ ಮೇಲೆ ಬರೆದವು, ಎಷ್ಟೋ ಮೇಜಿನ ಮುದ್ರೆಗಳ ಹಿಡಿಯೂ ದಂತ. ಬ್ರಿಟನ್ನಿನಲ್ಲಿ 2018ರ ಐವರಿ ಆ್ಯಕ್ಟ್ 2022ರ ಜೂನ್‌ನಿಂದ ಜಾರಿಯಲ್ಲಿದೆ, ಕೆಲವು ಹಳೇ ವಸ್ತುಗಳಿಗೆ ವಿನಾಯ್ತಿ ಇದೆ ಆದ್ರೆ ಮಾರೋಕೆ ಮುಂಚೆ ನೋಂದಣಿ ಆಗ್ಬೇಕು, ಮಾರೋರ ಹತ್ರ ಅದರ ನಂಬರ್ ಕೇಳಿ. ಭಾರತಕ್ಕಂತೂ ದಂತ ಇರೋದನ್ನ ತರೋಕೆ ಹೋಗ್ಲೇಬೇಡಿ, ವನ್ಯಜೀವಿ ಕಾಯ್ದೆ ಕೆಳಗೆ ದೊಡ್ಡ ತಾಪತ್ರಯ. ಇಲ್ಲಿ ಮನೆಯಲ್ಲಿ ಸಿಕ್ಕಿದ 100 ವರ್ಷಕ್ಕಿಂತ ಹಳೇದನ್ನ ವಿದೇಶದ ನೆಂಟರಿಗೆ ಕಳಿಸೋ ಮುಂಚೆ 1972ರ ಪ್ರಾಚ್ಯವಸ್ತು ಕಾಯ್ದೆ ನೆನಪಿರಲಿ, ಪ್ರಾಚ್ಯವಸ್ತು ಅಂತ ಆದ್ರೆ ಖಾಸಗಿಯವರು ಹೊರಗೆ ಕಳಿಸೋ ಹಾಗಿಲ್ಲ. ಅನುಮಾನ ಇದ್ರೆ ಪುರಾತತ್ವ ಇಲಾಖೆಯಿಂದ ಪ್ರಾಚ್ಯವಸ್ತು ಅಲ್ಲ ಅನ್ನೋ ಸರ್ಟಿಫಿಕೇಟ್ ಕೇಳಿ.

10. ಇಡೋದು

ಬಿಸಿಲು, ಒದ್ದೆ ಎರಡರಿಂದ್ಲೂ ದೂರ, ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡಿ, ಜೆಟ್ಟನ್ನ ಬಂಗಾರದ ಜೊತೆ ಹಾಕಿದ್ರೆ ಗೀರು ಬೀಳತ್ತೆ. ಮಳೆಗಾಲ ಜಾಸ್ತಿ ಇರೋ ಮಡಿಕೇರಿ, ಮಂಗಳೂರು ಕಡೆಯವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಾಯಿಸಿ. ಪ್ರತಿ ಡಬ್ಬಿ ಜೊತೆ ಒಂದು ಚೀಟಿ ಇರಲಿ, ಅದರಲ್ಲಿ ಬರಹ ಇದ್ದ ಹಾಗೇ ಅಕ್ಷರಕ್ಕೆ ಅಕ್ಷರ, ಹಾಲ್‌ಮಾರ್ಕ್, ಯಾವ ದಾಖಲೆ ಯಾವ ನಂಬರಲ್ಲಿ ಸಿಕ್ತು, ಯಾವುದು ಖಚಿತ ಯಾವುದು ಊಹೆ ಅಂತ ಬೇರೆ ಬೇರೆಯಾಗಿ ಬರೀರಿ. ಆ ಮನೆತನದವರು ಈಗ್ಲೂ ಇದ್ದಾರೆ ಅಂತ ಗೊತ್ತಾದ್ರೆ ಸಂಬಂಧಪಟ್ಟ ಊರಿನ ಫ್ಯಾಮಿಲಿ ಹಿಸ್ಟರಿ ಸೊಸೈಟಿ ಮೂಲಕ ಕಾಗದ ಬರೀರಿ, ಬದುಕಿರೋರ ಹೆಸರು ವಿಳಾಸ ಎಲ್ಲೂ ಬಹಿರಂಗ ಹಾಕ್ಬೇಡಿ, ಮೊದಲ ಕಾಗದದಲ್ಲಿ ಫೋಟೋ ಮತ್ತು ಬರಹದ ನಕಲು ಇಷ್ಟೇ ಕಳಿಸಿ, ಮಾರೋ ಮಾತು ಎತ್ತಬೇಡಿ.